ಬಣ್ಣ ಬಿಡದ್ದು

ಡಬ್ಬಿಯ ಮೇಲೆ ನನ್ನ ಅಕ್ಷರದಲ್ಲಿ ಅವನ ಹೆಸರು:
ಚಂದ್ರಾಮಪ್ಪ ಬಣ್ಣದ, ಅರವತ್ತೊಂದು, ಗುಳೇದಗುಡ್ಡ.
ಬೆಳಗಿನ ಮೊದಲ ಕಫ. ಮುಚ್ಚಳ ಬಿಗಿಯಿತ್ತು.
ಕೊಟ್ಟ ಕೈಯ ಉಗುರುಸಂದಿಯಲ್ಲಿ
ನಲವತ್ತು ವರ್ಷದ ಕೆಂಪು.

ಗಾಜಿಗೆ ತೆಳ್ಳಗೆ ಸವರಿದೆ, ಒಣಗಿಸಿದೆ,
ಉರಿಯ ಮೇಲೆ ಮೂರು ಸಲ ಹಾಯಿಸಿದೆ.
ಕೆಂಪು ಸುರುವಿದೆ, ಕೆಳಗಿಂದ ಕಾವು.
ಆವಿ ಏಳಬೇಕು, ಕುದಿಯಬಾರದು.
ಕಿಟಕಿಯಾಚೆ ನಿಂತವನು ಅಂದ:
"ಇದು ನಮ್ಮ ಕೆಲಸಾನ ಅಲ್ಲೇನ ಯವ್ವಾ?
ಹಂಡೇದಾಗ ನಾವೂ ಹಿಂಗ.
ಕುದಿ ಬಂತಂದ್ರ ಲಡಿ ಕೆಟ್ಟು ಹೋಕ್ಕೈತಿ."

ಹೌದು, ನಿಮ್ಮ ಕೆಲಸವೇ.
ಬಣ್ಣ ಬಿಡುತ್ತದೋ ಏನೋ ಅಂತ ನಿಮ್ಮ ಗಿರಾಕಿ
ಎಂಜಲು ಹಚ್ಚಿ ಖಣವನ್ನು ಬೆರಳಿಂದ ತಿಕ್ಕುತ್ತಾಳೆ.
ನಾನು ಗಂಧಕಾಮ್ಲ ಹೊಯ್ಯುತ್ತೇನೆ.
ಎಲ್ಲದರ ಕೆಂಪೂ ಇಳಿದುಹೋಗುತ್ತದೆ,
ಕಫದ್ದು, ಗಂಟಲಿಂದ ಕಳಚಿದ ಕೋಶದ್ದು,
ಬಾಯಲ್ಲಿ ಸುಮ್ಮನೆ ಬಾಳುವ ಬಡಪಾಯಿ ಕ್ರಿಮಿಗಳದ್ದು.
ಒಂದರದ್ದು ಇಳಿಯುವುದಿಲ್ಲ.
ಅದರ ಮೈಗೆ ಮೇಣದ ಅಂಗಿ.
ನಿಮ್ಮ ಮಾತಲ್ಲಿ ಹೇಳುವುದಾದರೆ
ಪಕ್ಕಾ ಕಲರ್.

ಕೊನೆಗೆ ನೀಲಿ. ತೊಳೆದೆ. ಎಣ್ಣೆ ಒಂದು ತೊಟ್ಟು.
ನೀಲಿ ನೆಲದ ಮೇಲೆ ಕೆಂಪು ಎಳೆ,
ಯಾರೋ ಕತ್ತರಿಸಿ ಚೆಲ್ಲಿದ ನೂಲಿನ ತುಣುಕು,
ಇಲ್ಲಿ ಜೋಡಿ, ಅಲ್ಲಿ ಹಿಂಡು.
ಮೂರು ಪ್ಲಸ್ ಅಂತ ಬರೆದೆ.
ಕೈ ತೊಳೆದೆ. ಮತ್ತೊಮ್ಮೆ ತೊಳೆದೆ.

ಎದೆಯೊಳಗೆ ನಡೆದದ್ದು ಗಾಜಿನ ಮೇಲೆ ಕಾಣುವುದಿಲ್ಲ.
ಅಲ್ಲಿ ಕಾವಲು ತಿರುಗುವ ಕೋಶವೊಂದಿದೆ, ಹೊಟ್ಟೆಬಾಕ.
ಕಂಡದ್ದನ್ನು ಮೈಯಿಂದಲೇ ತಬ್ಬಿ ನುಂಗಿ
ಒಳಗೊಂದು ಚೀಲ ಹೊಲಿದು
ಹುಳಿ ತುಂಬಿ ಕರಗಿಸುತ್ತದೆ.
ಇದನ್ನೂ ನುಂಗಿತು. ಚೀಲವನ್ನೂ ಹೊಲಿಯಿತು.
ಹುಳಿ ಬರಲಿಲ್ಲ.
ಒಳಗಿದ್ದವನು ಒಳಚಿಲಕ ಹಾಕಿಕೊಂಡಿದ್ದ,
ನುಂಗಿದವನ ಮನೆಯಲ್ಲೇ ಉಂಡು,
ದಿನಕ್ಕೊಮ್ಮೆ, ಅವಸರವಿಲ್ಲದೆ, ಒಂದು ಎರಡಾಗುತ್ತ.
ಇಪ್ಪತ್ತು ನಿಮಿಷಕ್ಕೆ ಇಮ್ಮಡಿಸುವ ಕಾಲರಾ ಅಲ್ಲ ಇದು,
ಕೈಮಗ್ಗದ ನಡೆ.
ಸುತ್ತ ಉಳಿದ ಕೋಶಗಳು ಒತ್ತಿ ನಿಂತು ಗಂಟು ಹಾಕುತ್ತವೆ.
ವರ್ಷಗಟ್ಟಲೆ ಬಿಚ್ಚದೆ ಇರಬಹುದು ಆ ಗಂಟು.
ಮೈ ಸೊರಗಿದ ಒಂದು ಮಳೆಗಾಲ, ಬಿಚ್ಚುತ್ತದೆ.

ಮನೆಗೆ ಹೋದೆವು, ನಾನೂ ಆಶಾ ಮೆಹರುನ್ನಿಸಾಳೂ.
ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟ ಸೊಸೆ ರುದ್ರವ್ವ
ಕಂಡಿಕೆಯ ಎಳೆಯನ್ನು ಲಾಳಿಯ ಕಣ್ಣಿಂದ
ತುಟಿಯಿಟ್ಟು ಸುರ್ರನೆ ಎಳೆದಳು.
ಸಿಕ್ಕಿತು ಅಂದುಕೊಂಡೆ, ಈ ಲಾಳಿಯೇ, ಈ ಎಂಜಲೇ.
ಸಿಕ್ಕಿರಲಿಲ್ಲ. ಲಾಳಿ ನಿರಪರಾಧಿ.
ಕೋಣೆಗೆ ಇದ್ದದ್ದು ಒಂದೇ ಕಿಟಕಿ.
ಎಳೆ ಅಲುಗುತ್ತದೆಂದು ಅದಕ್ಕೆ ಗೋಣಿ ಜಡಿದಿದ್ದರು.
ಒಂದು ಕೆಮ್ಮು:
ದಪ್ಪ ಹನಿ ನೆಲಕ್ಕೆ ಬೀಳುತ್ತದೆ,
ಸಣ್ಣದು ಗಾಳಿಯಲ್ಲೇ ಒಣಗಿ, ಇನ್ನೂ ಹಗುರಾಗಿ,
ತಾಸುಗಟ್ಟಲೆ ತೇಲುತ್ತದೆ.
ಮಾವ ಬಿಟ್ಟ ಉಸಿರು ಹಾಸು,
ಸೊಸೆ ಎಳೆದ ಉಸಿರು ಹೊಕ್ಕು.
ನಡುವೆ ಕೂತು ಆರು ವರ್ಷದ ಶ್ರಾವಣಿ
ಮಗ್ಗಿ ಒಪ್ಪಿಸುತ್ತಿದ್ದಳು:
ಎರಡೊಂದ್ಲಿ ಎರಡು, ಎರಡೆರಡ್ಲಿ ನಾಕು.
ಗೋಡೆಗೆ ನೀಲವ್ವನ ಫೋಟೊ.
"ಅಕೀಗೆ ಧೂಳಿನ ಕೆಮ್ಮು ಇತ್ತ್ರಿ," ಅಂದ.
ಹಾಗಂತ ಯಾರು ಹೇಳಿದರು ಎಂದು ನಾನು ಕೇಳಲಿಲ್ಲ.
ಮೆಹರುನ್ನಿಸಾ ಗೋಣಿ ಕಿತ್ತಳು.

ಗುಳಿಗೆ ಶುರುವಾದ ಆರನೇ ದಿನ ಬಂದು
ಹೆಂಗಸಿಗೆ ಹೇಳುವ ಮಾತಲ್ಲವೆಂದು ಗೋಡೆಗೆ ಹೇಳಿದ:
"ನೀರು ಮಾಡಿದ್ರ ಕೇಸರಿ ಬರ್ತೈತಿ."
ಗುಳಿಗೆಯ ಬಣ್ಣ ಕಾಕಾ, ಬಿಡುವ ಬಣ್ಣ.
"ಕಚ್ಚಾ ಕಲರ್!" ಅಂದು ನಕ್ಕ,
ನಕ್ಕು ಕೆಮ್ಮಿದ, ಮೊಣಕೈಯೊಳಗೆ, ಹೇಳಿಕೊಟ್ಟಂತೆ.

ಎರಡು ತಿಂಗಳಿಗೆ ಮತ್ತೆ ಡಬ್ಬಿ,
ಮತ್ತೆ ಕೆಂಪು, ಆಮ್ಲ, ನೀಲಿ.
ನೂರು ನೋಟ ಎಣಿಸಿದೆ. ಸಾಲದೆ ಇನ್ನೂ ನೂರು.
ನಿಯಮವಿಲ್ಲ, ಆದರೂ ಅವನನ್ನು ಒಳಗೆ ಕರೆದೆ.
ಕನ್ನಡಕ ತೆಗೆದು ಕಣ್ಣಿಟ್ಟ.
"ಏನೂ ಇಲ್ಲಲ್ಲವಾ. ಬರೇ ನೀಲಿ."
ಅವು ನಿಮ್ಮವೇ ಕೋಶ.
ಹೊರಗೆ ಸಾಲು ಬೆಳೆಯುತ್ತಿತ್ತು. ಅವನು ಕಣ್ಣು ತೆಗೆಯಲಿಲ್ಲ.
"ಈ ನೀಲಿ," ಅಂದ, "ನನ್ನ ಹಂಡೇದಾಗ
ಒಮ್ಮೆನೂ ಬಂದಿಲ್ಲ."

ಇನ್ನೂ ನಾಲ್ಕು ತಿಂಗಳು ಗುಳಿಗೆ ತಪ್ಪಿಸುವಂತಿಲ್ಲ
ಎಂದು ಹೇಳಬೇಕಿತ್ತು.
ಸ್ವಲ್ಪ ತಡೆದು ಹೇಳಿದೆ.